ತ್ರಯೋದಶಿಯ ಸಮುದ್ರ

ಹೋದ ವಾರ ಮಿಯಾಪುರದಲ್ಲಿ ಮೆಟ್ರೋ ಹತ್ತಿ ಕೂತಿದ್ದೆ. ಎದುರಿನ ಸಾಲಿನಲ್ಲಿ ಏಳೆಂಟು ಜನ ಹೆಂಗಸರು. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ, ಕೊರಳಲ್ಲಿ ಗುರುತಿನ ಚೀಟಿ, ಕಾಲ ಬಳಿ ಉಬ್ಬಿದ ಚೀಲಗಳು. ಅವರಲ್ಲೊಬ್ಬರು, ಎಣ್ಣೆ ಸೋರಿದೆಯೇನೋ ಎಂಬ ಅನುಮಾನದಿಂದ, ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಒಂದಿಷ್ಟು ಎತ್ತಿ ನೋಡಿದರು. ಅಷ್ಟೇ ಸಾಕಾಯಿತು. ಹಚ್ಚಿದ ಅವಲಕ್ಕಿಯ ವಾಸನೆ, ಅಂದರೆ ಮೆಂತ್ಯದ ಹಿಟ್ಟು, ಹಸಿ ಎಣ್ಣೆ, ಹುರಿದ ಶೇಂಗಾ ಎಲ್ಲ ಕೂಡಿದ ವಾಸನೆ, ಆ ತಣ್ಣನೆಯ ಬೋಗಿಯ ತುಂಬ ಹರಡಿತು. ನಾನು ಪುಸ್ತಕದಿಂದ ತಲೆ ಎತ್ತಿದೆ. ಯಾವ ಕಡೆಯವರು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಪರಿಚಿತರನ್ನು ಮಾತಾಡಿಸುವುದು ನನಗೆ ಸುಲಭವಲ್ಲ. ಅವರ ಕೊರಳಿನ ಚೀಟಿಯ ಮೇಲೆ ತೆಲುಗಿನಲ್ಲಿ ಬರೆದಿದ್ದ ಊರುಗಳ ಹೆಸರನ್ನು ಕದ್ದು ಓದಿಕೊಂಡೆ: ಕಾಶಿ, ಗಯಾ, ಅಯೋಧ್ಯೆ.

ಈಚೆಗೆ ಹೈದರಾಬಾದಿನಲ್ಲಿ ಎತ್ತ ನೋಡಿದರೂ ಯಾತ್ರೆಗೆ ಹೊರಟವರೇ. ನೀವೂ ಗಮನಿಸಿರಬಹುದು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಬೆಳಗಿನ ಕಾಶಿ ವಿಮಾನದ ಸಾಲು ನೋಡಿದರೆ ಅದು ದೇವಸ್ಥಾನದ ಸಾಲೇ ಇರಬೇಕು ಅನಿಸುತ್ತದೆ. ಕಾಚಿಗೂಡ ಸ್ಟೇಷನ್ನಿನ ಎದುರಿನ ಲಾಡ್ಜುಗಳ ಕೆಳಗೆ, ಮೊದಲು ಝೆರಾಕ್ಸ್ ಅಂಗಡಿಗಳಿದ್ದ ಕಡೆಯೆಲ್ಲ, ಈಗ ಯಾತ್ರೆಯ ಬೋರ್ಡುಗಳು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ 'ಐದು ದಿನ, ಒಂಬತ್ತು ದೇವಸ್ಥಾನ' ಎಂಬ ಚೀಟಿ ಅಂಟಿಸಿದ್ದಾರೆ. ಆಫೀಸಿನಲ್ಲಿ ನನಗಿಂತ ಚಿಕ್ಕ ಹುಡುಗರು ತಿಂಗಳ ಹುಣ್ಣಿಮೆಗೆ ಬಸ್ ಹಿಡಿದು ಹೋಗಿ ಯಾವುದೋ ಬೆಟ್ಟವನ್ನು ಬರಿಗಾಲಲ್ಲಿ ಸುತ್ತಿ, ಸೋಮವಾರ ಕುಂಟುತ್ತ ಬರುತ್ತಾರೆ. ಇದಕ್ಕೆಲ್ಲ ಏನು ಕಾರಣವಿರಬಹುದು? ನಾನು ಓದಿದ್ದು ಸಂಖ್ಯಾಶಾಸ್ತ್ರ. ಕಾರಣಗಳನ್ನು ಬೇರೆಬೇರೆ ಖಾನೆಗೆ ಹಾಕುವ ಚಟ ನನಗಿತ್ತು. ಭಕ್ತಿ ಹೆಚ್ಚಾದದ್ದು ಒಂದು ಖಾನೆ, ರಸ್ತೆ ಸುಧಾರಿಸಿದ್ದು ಇನ್ನೊಂದು, ಫೋಟೋ ಹಾಕುವ ಆಸೆ ಮತ್ತೊಂದು. ಹೀಗೆ ನಾನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ ಖಾನೆಗಳನ್ನೆಲ್ಲ ಕಲಸಿ ಹಾಕಿದವರು ನನ್ನ ಕಾಕು.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಕಾಚಿಗೂಡದ ಒಂದು ಗಲ್ಲಿಯಲ್ಲಿ ಅವರ ಮನೆ. ಕೆಳಗೆ ಕಾಕಾನ ಸ್ಟೀಲ್ ಪಾತ್ರೆಗಳ ಅಂಗಡಿ, ಮೇಲೆ ಮೂರು ಕೋಣೆ. ಎಂ.ಎಸ್ಸಿ. ಓದುವಾಗ ಎರಡು ವರ್ಷ ನಾನು ಅಲ್ಲಿದ್ದೆ. ಕುಷ್ಟಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಊರಿಗೆ ಬಂದಿದ್ದ ಕಾಕು ಆಗಲೇ ಅರವತ್ತರ ಹತ್ತಿರವಿದ್ದರು. ಆ ಮನೆಯ ಹೆಂಗಸರು ಊರು ಬಿಟ್ಟು ಹೊರಡಲು ಮೂರೇ ಕಾರಣಗಳಿದ್ದವು: ಬಾಣಂತನ, ಮದುವೆ, ದೇವರು. ಸುಮ್ಮನೆ ನೋಡಿ ಬರೋಣ ಎಂಬುದು ಕಾರಣಗಳ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಬೇಡ ಎಂದದ್ದಲ್ಲ. ಯಾರೂ ಕೇಳಿದ್ದೇ ಇಲ್ಲ.

ಕಾಕುವಿಗೆ ಸಮುದ್ರ ಮುಟ್ಟಬೇಕೆಂಬ ಆಸೆಯಿದೆ ಎಂದು ನನಗೆ ತಿಳಿದದ್ದು ನಿಧಾನವಾಗಿ, ಅಡಿಗೆಮನೆಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆಗಳಿಂದ. ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದರು: "ಬೇಟಾ, ಸಮುದ್ರದ ನೀರು ಉಪ್ಪು ಅಂತಾರಲ್ಲ, ಎಷ್ಟು ಉಪ್ಪು? ಸಾರಿಗೆ ಹಾಕಿಧಂಗೋ, ಉಪ್ಪಿನಕಾಯಿಗೆ ಹಾಕಿಧಂಗೋ?" ಕಾಲೇಜಿನ ಪ್ರವಾಸದಲ್ಲಿ ಒಮ್ಮೆ ಸಮುದ್ರ ನೋಡಿದ್ದ ನನಗೆ ಅದು ಗೊತ್ತಿರಲಿಲ್ಲ. ಆಗ ನಾನು ಬೂಟು ಕಳಚದೆ ದೂರದಿಂದಲೇ ನೋಡಿ ಬಂದವಳು. ಇನ್ನೊಂದು ದಿನ, "ಅದು ದಂಡಿಗೆ ಬಂದು ಹೊಳ್ಳಿ ಹೋಗತೈತಲ್ಲ, ಯಾಕ ಹೋಗತೈತಿ?" ಎಂದರು. ನಾನು ಚಂದ್ರನ ಸೆಳೆತ, ಭೂಮಿಯ ತಿರುಗಾಟ ಎಲ್ಲ ವಿವರಿಸಿದೆ. ಕಾಕು ರೊಟ್ಟಿ ತಿರುವಿ ಹಾಕಿ, "ಚಂದ್ರಗ ಬ್ಯಾರೆ ಉದ್ಯೋಗ ಇಲ್ಲೇನು?" ಎಂದರು.

ಮದುವೆಯಾದ ಹೊಸತರಲ್ಲಿ ಕಾಕಾ ಅವರನ್ನು ಹುಸೇನ್ ಸಾಗರದ ಕಟ್ಟೆಗೆ ಕರೆದುಕೊಂಡು ಹೋಗಿ ಇದೇ ಸಮುದ್ರ ಎಂದಿದ್ದರಂತೆ. "ನಾನೂ ನಂಬಿದ್ದೆ, ನಾಕು ದಿನ," ಎಂದು ಕಾಕು ನಗುತ್ತಿದ್ದರು. "ಆಮ್ಯಾಲ ಬಾಜೂಮನಿ ಬೇಗಂ ಹೇಳಿದ್ರು, ಏ ಪಗಲಿ, ಅದು ತಾಲಾಬ್, ಕೆರಿ ಅಂತ."

ನಾಲ್ಕು ವರ್ಷದ ಹಿಂದೆ, ನನಗೆ ಕೆಲಸ ಸಿಕ್ಕ ಹೊಸತರಲ್ಲಿ, ಕಾಚಿಗೂಡದ ಶುಕ್ರವಾರದ ಭಜನೆಯ ಹೆಂಗಸರು ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿ ಯಾತ್ರೆಗೆ ಹೊರಟರು. ಮಂತ್ರಾಲಯ, ಶೃಂಗೇರಿ, ಕೊಲ್ಲೂರು, ಉಡುಪಿ. ಹನ್ನೊಂದು ಜನ. ಎಲ್ಲರಿಗೂ ಹಿರಿಯರು ಇಂದಿರಾಬಾಯಿ, ನಿವೃತ್ತ ಶಾಲಾ ಶಿಕ್ಷಕಿ. ಅವರ ಕೈಚೀಲದಲ್ಲಿ ಕನ್ನಡಕದ ಜೊತೆ ಪಂಚಾಂಗ ಇದ್ದೇ ಇರುತ್ತಿತ್ತು. ರೂಮು ಕಾದಿರಿಸಲು, ಫೋನಿನಲ್ಲಿ ದಾರಿ ನೋಡಲು, ಡ್ರೈವರ್ ನರ್ಸಿಂಗ್‌ನ ಜೊತೆ ತೆಲುಗಿನಲ್ಲಿ ಜಗಳಾಡಲು ಒಬ್ಬಳು ಬೇಕಿತ್ತು. ಮೊದಲಿನ ಎರಡು ಕೆಲಸಕ್ಕೆ ನಾನು ಸರಿಯಾಗಿದ್ದೆ.

ನಾನು ಪಟ್ಟಿ ಮಾಡಿದೆ. ಸಾಮಾನ್ಯ ಪಟ್ಟಿಯಲ್ಲ. ಯಾವ ದೇವಸ್ಥಾನದ ಬಾಗಿಲು ಎಷ್ಟಕ್ಕೆ ತೆರೆಯುತ್ತದೆ, ಎಲ್ಲಿ ಚಹಾ, ಯಾರಿಗೆ ಮಂಡಿನೋವು, ಯಾರಿಗೆ ಘಟ್ಟದಲ್ಲಿ ವಾಂತಿ ಬರುತ್ತದೆ, ಎಲ್ಲವೂ ಕಾಲುಗಂಟೆಯ ಲೆಕ್ಕದಲ್ಲಿ. ಅದನ್ನು ಹನ್ನೊಂದು ಪ್ರತಿ ಮುದ್ರಿಸಿ ಹಂಚಿದೆ. ಆ ದಿನದಿಂದ ಭಜನೆಯ ಹೆಂಗಸರ ಬಾಯಲ್ಲಿ ನನ್ನ ಹೆಸರು ಟೈಮ್‌ಟೇಬಲ್ ಎಂದಾಯಿತು. ಇಂದಿರಾಬಾಯಿಯವರು, "ಏಕಾದಶಿ ದಿನ ನಾನು ಗಾಡಿಯೊಳಗ ಇರಂಗಿಲ್ಲ, ಅದನ್ನ ನೋಡಿಕೋ," ಎಂದಿದ್ದರು. ಕಾಕಾ, "ಅಮಾಸಿಗೆ ಅಂಗಡಿ ಪೂಜಿ ಐತಿ, ಅಷ್ಟೊತ್ತಿಗೆ ಮನಿಯೊಳಗ ಇರಬೇಕು," ಎಂದಿದ್ದರು. ಏಕಾದಶಿ ಕಳೆದ ಮೇಲೆ ಉಡುಪಿ, ಅಮಾವಾಸ್ಯೆಯ ಹಿಂದಿನ ದಿನ ಮನೆ. ಎರಡನ್ನೂ ಸರಿಯಾಗಿ ಕೂಡಿಸಿದ್ದಕ್ಕೆ ನನಗೆ ನನ್ನ ಮೇಲೇ ಮೆಚ್ಚುಗೆಯಾಗಿತ್ತು.

ಹೊರಡುವ ಮುಂಚಿನ ಸಂಜೆ ಕಾಕು ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ದನಿ ತಗ್ಗಿಸಿ, "ಉಡುಪಿ ಮುಂದ ಸಮುದ್ರ ಎಷ್ಟು ದೂರ?" ಎಂದರು.

"ಆರೇ ಕಿಲೋಮೀಟರ್ ಕಾಕು."

"ಹಾಕು ಮತ್ತ."

'ಸಮುದ್ರ ದರ್ಶನ, ಒಂದು ಗಂಟೆ' ಎಂದು ಬರೆದೆ. ಕಾಕು ಓದಿ ತಲೆ ಅಲ್ಲಾಡಿಸಿದರು. "ದರ್ಶನ ಅಂದ್ರ ತಿರಗಾಕ ಹೊಂಟಾರ ಅಂತಾರ ನಿಮ್ಮ ಕಾಕಾ. ಸಮುದ್ರ ಸ್ನಾನ ಅಂತ ಬರಿ." ಬರೆದೆ. ಕಾಕಾ ಪಟ್ಟಿಯ ಮೇಲೆ ಕಣ್ಣಾಡಿಸಿ, "ಸ್ನಾನ ಭಾಳ ಛಲೋ," ಎಂದು ಒಪ್ಪಿಗೆ ಕೊಟ್ಟರು. ಕಾಕು ಆ ರಾತ್ರಿ ಒಂದು ಸೀರೆ, ಅರಿಷಿಣ ಕುಂಕುಮ, ಸಮುದ್ರಕ್ಕೆ ಅರ್ಪಿಸಲು ಒಂದು ರವಿಕೆಯ ಖಣ, ಇವಿಷ್ಟನ್ನು ಬೇರೆಯೇ ಚೀಲದಲ್ಲಿ ಕಟ್ಟಿಟ್ಟರು. ಉಳಿದ ದೇವರುಗಳಿಗೆಲ್ಲ ಸೇರಿ ಒಂದೇ ಚೀಲವಿತ್ತು.

ಯಾತ್ರೆಯ ಮೊದಲ ದಿನಗಳ ಬಗ್ಗೆ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಹನ್ನೊಂದು ಹೆಂಗಸರು ಮನೆಯಿಂದ ನೂರು ಕಿಲೋಮೀಟರ್ ದಾಟಿದ ಮೇಲೆ ಹೇಗಿರುತ್ತಾರೆ ಎಂಬುದು ಅವರ ಮನೆಯವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಭಜನೆ ಹಾಡಿದ್ದು ಮಂತ್ರಾಲಯದವರೆಗೆ ಮಾತ್ರ. ಆಮೇಲೆ ಸೊಸೆಯಂದಿರ ಸುದ್ದಿ, ಅತ್ತೆಯಂದಿರ ಅನುಕರಣೆ, ಡಬ್ಬಿಯಿಂದ ಡಬ್ಬಿಗೆ ಅವಲಕ್ಕಿ. ನಾನು ಮುಂದಿನ ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಕಾಕು ಕಿಟಕಿಯ ಪಕ್ಕದಲ್ಲಿ ಕೂತು, ಘಟ್ಟ ಇಳಿದಾಗಿನಿಂದ, ಗಾಳಿಯ ವಾಸನೆ ನೋಡುತ್ತಿದ್ದರು.

ಉಡುಪಿಯಲ್ಲಿ ಬೆಳಗಿನ ದರ್ಶನ ಮುಗಿಸಿ ಮಲ್ಪೆಯ ದಂಡೆಗೆ ಬಂದಾಗ ಎಂಟೂವರೆ. ಗಾಳಿಮರಗಳ ಸಾಲು ದಾಟಿದ್ದೇ ತಡ, ಎದುರಿಗೆ ಅದು. ಭಜನೆಯ ಹೆಂಗಸರು ಒಮ್ಮೆಲೇ ಸುಮ್ಮನಾದರು. ಐದು ದಿನಗಳಲ್ಲಿ ಮೊದಲ ಬಾರಿ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕಾಕು ಮಾತ್ರ ಚಪ್ಪಲಿ ಬಿಟ್ಟು, ಚೀಲ ತೆಗೆದುಕೊಂಡು ನಡೆಯತೊಡಗಿದರು. ನೀರು ಇನ್ನೂ ಐವತ್ತು ಹೆಜ್ಜೆಯಿರುವಾಗ ಹಿಂದಿನಿಂದ ಇಂದಿರಾಬಾಯಿಯವರ ದನಿ ಬಂತು, ಪಾಠದ ನಡುವೆ ಯಾರೋ ಎದ್ದು ನಿಂತಾಗ ಬರುವಂಥ ದನಿ.

"ತಡೀರಿ ಶಾಂತಾ. ಇವತ್ತು ತಿಥಿ ಯಾವುದು?"

ಕಾಕು ನಿಂತರು. ಇಂದಿರಾಬಾಯಿ ಪಂಚಾಂಗ ತೆಗೆದರು, ಕನ್ನಡಕ ಹಾಕಿಕೊಂಡರು, ಬೆರಳಿಟ್ಟು ಹುಡುಕಿದರು. "ತ್ರಯೋದಶಿ," ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ ಎಂಬುದನ್ನು ನಾನು ಹೇಳಲೇಬೇಕು. "ಸಮುದ್ರ ಯಾವಾಗ ಬೇಕಾದ್ರೂ ನೋಡಬಹುದು, ಮುಟ್ಟಲಿಕ್ಕೆ ಮಾತ್ರ ಪರ್ವಕಾಲ ಬೇಕು. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ. ಅರಳೀಮರ ಶನಿವಾರ ಮಾತ್ರ ಮುಟ್ಟಬೇಕು ಅಂತಾರಲ್ಲ, ಹಂಗ. ಅಮಾವಾಸ್ಯೆ ಇನ್ನೂ ಎರಡು ದಿನ ಅದ."

ಗುಂಪಿನಲ್ಲಿ ಯಾರೋ, "ಹಾಂಗಾರ ಇನ್ನೆರಡು ದಿನ ಇಲ್ಲೇ ನಿಂದ್ರೂಣ್ರಿ," ಎಂದರು. ಎಲ್ಲರೂ ನಕ್ಕರು. ಇನ್ನೊಬ್ಬರು, "ಟೈಮ್‌ಟೇಬಲ್‌ಗ ಕೇಳ್ರಿ, ಅಕಿ ಕಾಲುತಾಸೂ ಬಿಡಂಗಿಲ್ಲ," ಎಂದರು. ಮತ್ತೆ ನಗು. ನನಗೆ ನಗು ಬರಲಿಲ್ಲ. ಪಂಚಾಂಗದ ಅದೇ ಪುಟವನ್ನು ನಾನೂ ನೋಡಿದ್ದೆ. ಏಕಾದಶಿಯನ್ನು ತಪ್ಪಿಸಿದೆ, ಅಮಾವಾಸ್ಯೆಗೆ ಮುಂಚೆ ಮನೆ ಸೇರಿಸಿದೆ; ಅಮಾವಾಸ್ಯೆ ಮನೆಗೆ ಬೇಕಾದಂತೆ ಸಮುದ್ರಕ್ಕೂ ಬೇಕಾಗಬಹುದು ಎಂದು ಹೊಳೆಯಲೇ ಇಲ್ಲ. ಮಂಡಿನೋವಿನ ಖಾನೆಯೂ ಇದ್ದ ನನ್ನ ಪಟ್ಟಿಯಲ್ಲಿ, ಯಾರಿಗಾಗಿ ಈ ಆರು ಕಿಲೋಮೀಟರ್ ಸೇರಿಸಿದ್ದೆನೋ ಅವರಿಗೆ ಬೇಕಾದ ಒಂದೇ ಒಂದು ಖಾನೆ ಬಿಟ್ಟುಹೋಗಿತ್ತು.

ಕಾಕುವಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಕಾಕು, ಮುಟ್ಟಿಬಿಡ್ರಿ. ಏನೂ ಆಗಂಗಿಲ್ಲ. ಎಷ್ಟು ಮಂದಿ ಆಡಾಕತ್ತಾರ ನೋಡ್ರಿ."

ಕಾಕು ನೀರಿನಲ್ಲಿ ಕುಣಿಯುತ್ತಿದ್ದ ಹುಡುಗ ಹುಡುಗಿಯರನ್ನು ನೋಡಿದರು. ಅವರ ಬಗ್ಗೆ ಅವರಿಗೆ ಏನೂ ತಕರಾರಿರಲಿಲ್ಲ. "ಅವರಿಗೆ ನಡೀತೈತಿ ಬೇಟಾ," ಎಂದರು. "ನಾ ದೇವರ ಹೆಸರು ಹೇಳಿ ಬಂದೀನಿ. ಸ್ನಾನ ಅಂತ ಬರಸಿ ಬಂದೀನಿ. ಈಗ ದೇವರ ಮಾತು ಮೀರಿ ಮುಟ್ಟಿದ್ರ, ಮುಟ್ಟಿಧಂಗ ಆಗತೈತೇನು?" ಚೀಲವನ್ನು ಕಂಕುಳಿಗೆ ಸೇರಿಸಿ, "ನೋಡಿದ್ನಲ್ಲ, ಸಾಕು," ಎಂದರು. ಎರಡು ವರ್ಷ ಅವರ ಮನೆಯಲ್ಲಿ ಉಂಡವಳು ನಾನು. ಅವರ 'ಸಾಕು' ನನಗೆ ಗೊತ್ತು. ಕೊನೆಯ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕುವಾಗ ಹೇಳುತ್ತಿದ್ದರಲ್ಲ, ಅದೇ ಸಾಕು.

ಕೂರಲು ಜಮಖಾನೆ ತಂದಿದ್ದೆವು. ಅದನ್ನು ಎಲ್ಲಿ ಹಾಸಲಿ ಎಂದು ನೋಡುತ್ತ ನಿಂತಿದ್ದಾಗ, ಪಕ್ಕದ ದೋಣಿಯ ನೆರಳಿನಲ್ಲಿ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರು ಗುಂಪಿನ ಚೀಲಗಳತ್ತ ಕೈ ಮಾಡಿ, "ಅಮ್ಮ, ಈಗ ನೀರು ಏರುವ ಹೊತ್ತು. ಇನ್ನೊಂದು ಗಂಟೆಯಲ್ಲಿ ಇಲ್ಲಿವರೆಗೆ ಬರ್ತದೆ, ಚೀಲ ಎಲ್ಲ ಮೇಲೆ ಇಡಿ," ಎಂದರು. 'ಇಲ್ಲಿ' ಎಂದು ಅವರು ತೋರಿಸಿದ ಕಡೆ ಮರಳಿನ ಮೇಲೆ ಹಿಂದಿನ ಸಲದ ನೀರು ಬಿಟ್ಟುಹೋದ ಕಸಕಡ್ಡಿ, ಚಿಪ್ಪುಗಳ ಗೆರೆಯೊಂದು ಸಾಲಾಗಿ ಹೋಗಿತ್ತು.

ನಾನು ಚೀಲಗಳನ್ನೆಲ್ಲ ಒಂದೊಂದಾಗಿ ಎತ್ತಿ ಗಾಳಿಮರದ ಬುಡಕ್ಕೆ ಸಾಗಿಸಿದೆ. ಇಂದಿರಾಬಾಯಿಯವರನ್ನೂ ಮಂಡಿನೋವಿನವರನ್ನೂ ಮೇಲಿನ ಸಿಮೆಂಟು ಬೆಂಚಿನ ಮೇಲೆ ಕೂರಿಸಿದೆ; ಉಳಿದವರೂ ಅವರ ಸುತ್ತ ನೆರಳಿಗೆ ಸೇರಿದರು. ಆಮೇಲೆ ಜಮಖಾನೆಯನ್ನು ಚಿಪ್ಪುಗಳ ಗೆರೆಗಿಂತ ನಾಲ್ಕು ಹೆಜ್ಜೆ ಕೆಳಗೆ, ಒಣ ಮರಳಿನ ಮೇಲೆ, ಮೂಲೆ ಸರಿಮಾಡಿ ಹಾಸಿದೆ.

"ಕಾಕು, ಇಲ್ಲಿ ಕುಂದರ್ರಿ. ಛಲೋ ಕಾಣತೈತಿ."

ಕಾಕು ಬಂದು ಕೂತರು. ನೀರು ಆಗ ಬಹಳ ದೂರದಲ್ಲಿತ್ತು. ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಅವರು ಏಳುತ್ತಿದ್ದರು.

ನಮ್ಮ ಪಟ್ಟಿಯ ಪ್ರಕಾರ ಅಲ್ಲಿಂದ ಹೊರಡಬೇಕಾದದ್ದು ಒಂಬತ್ತೂವರೆಗೆ. ಅಷ್ಟು ನಿಧಾನವಾಗಿ ಸಮಯ ಹೋದದ್ದು ನನ್ನ ಯಾವ ಪರೀಕ್ಷೆಯಲ್ಲೂ ಇಲ್ಲ. ಅಲೆ ಬರುವುದು, ಮೂವತ್ತು ಹೆಜ್ಜೆ ದೂರದಲ್ಲಿ ನಿಂತು ಹಿಂದಿರುಗುವುದು. ಒಂಬತ್ತೂವರೆ ಆದಾಗ ಹತ್ತು ಹೆಜ್ಜೆ. ನರ್ಸಿಂಗ್ ಗಾಡಿಯ ಹತ್ತಿರದಿಂದ ಕೂಗಿದ, "ಮೇಡಂ, ಟೈಮ್ ಅಯಿಪೋಯಿಂದಿ!" ಸಮಯ ಮುಗಿಯಿತು.

"ಇಂಕಾ ಪದಿ ನಿಮಿಷಾಲು," ಎಂದು ನಾನು ಕೂಗಿದೆ. ಇನ್ನು ಹತ್ತು ನಿಮಿಷ.

ಬೆಂಚಿನ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. "ಅಯ್ಯ, ಟೈಮ್‌ಟೇಬಲ್‌ಗ ಏನಾತ್ರಿ? ಜ್ವರ ಬಂದಾವೇನು ನೋಡ್ರಿ!"

ಹತ್ತು ನಿಮಿಷ ಕಳೆದು ಮತ್ತೆ ಐದು ನಿಮಿಷ. ನರ್ಸಿಂಗ್ ಹಾರ್ನ್ ಹೊಡೆದ. ಆಗಲೇ ಒಂದು ಅಲೆ, ಉಳಿದವುಗಳಿಗಿಂತ ಹೆಚ್ಚೇನೂ ದೊಡ್ಡದಲ್ಲ, ಮಡಚಿ ಬಿದ್ದು ನೊರೆಯಾಗಿ ಓಡುತ್ತ ಬಂತು. ಓಡುತ್ತ ಬಂದದ್ದು ನಿಲ್ಲಲಿಲ್ಲ. ಮೇಲಿನಿಂದ ಎಲ್ಲರೂ ಒಟ್ಟಿಗೆ ಕಿರುಚಿದರು: "ಶಾಂತಕ್ಕಾ, ಏಳ್ರೀ! ನೀರು ಬಂತ್ರೀ!"

ಕಾಕು ಏಳಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಹಿಡಿದರು, ಹಿಟ್ಟು ಮೆತ್ತಿದ ಕೈಯನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿಯುತ್ತಾರಲ್ಲ, ಹಾಗೆ. ನೀರು ಅವರ ಪಾದ ಮುಚ್ಚಿತು, ಸೊಂಟದವರೆಗೆ ಸೀರೆ ತೋಯಿಸಿತು, ಜಮಖಾನೆಯ ಒಂದು ಅಂಚನ್ನು ಎತ್ತಿ ಮಡಚಿತು, ಹಿಂದೆ ಸರಿಯಿತು. ಇನ್ನೊಂದು ಬಂತು. ಮತ್ತೊಂದು. ಕಾಕು ಕೈ ಇಳಿಸಲೇ ಇಲ್ಲ. ಕಣ್ಣು ಮುಚ್ಚಿದ್ದರು, ಬಾಯಿ ತೆರೆದಿತ್ತು. ಒಂದು ಹನಿ ತುಟಿಗೆ ಸಿಡಿದಿರಬೇಕು. ನಾಲಿಗೆಯಿಂದ ನೋಡಿ, ಯಾರಿಗೆ ಎನ್ನದೆ, "ಉಪ್ಪಿನಕಾಯಿದು," ಎಂದರು.

ಇಂದಿರಾಬಾಯಿ ಬೆಂಚಿನಿಂದ ಇಳಿದು ಬಂದರು. ಎಲ್ಲರೂ ಅವರ ಮುಖ ನೋಡಿದರು. ಅವರು ತೊಯ್ದು ತಪ್ಪಡಿಯಾಗಿದ್ದ ಕಾಕುವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಕೈ ಹಚ್ಚೀರೇನು?"

"ಇಲ್ರಿ ಬಾಯಾರ. ನಾ ಮುಟ್ಟಿಲ್ಲ," ಎಂದರು ಕಾಕು, ಕೈ ಇನ್ನೂ ಮೇಲೆಯೇ. "ಅದಾ ಬಂದು ಮುಟ್ಟೇತಿ."

"ಹಾಂಗಾದ್ರ ನಡೀತದ. ಬಂದವರನ್ನ ಬ್ಯಾಡ ಅನಲಿಕ್ಕೆ ಬರಂಗಿಲ್ಲ." ತೀರ್ಪು ಕೊಟ್ಟು ಮುಗಿಸಿದ ಇಂದಿರಾಬಾಯಿ ನನ್ನತ್ತ ತಿರುಗಿದರು. "ಜಮಖಾನಿ ಯಾರು ಹಾಸಿದ್ರು?"

"ನಾನ್ರಿ."

"ಹೂಂ," ಎಂದರು ಅವರು. ಪಂಚಾಂಗವನ್ನು ಚೀಲಕ್ಕೆ ಹಾಕಿಕೊಂಡರು.

ಆಮೇಲೆ ನಡೆದದ್ದನ್ನು ಪಟ್ಟಿಯಲ್ಲಿ ಎಲ್ಲಿ ಸೇರಿಸುವುದೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೇಲೆ ಕೂತಿದ್ದವರಲ್ಲಿ ಏಳು ಜನ ಇಳಿದು ಬಂದು ಚಿಪ್ಪುಗಳ ಗೆರೆಯ ಕೆಳಗೆ ಕಾಕುವಿನ ಪಕ್ಕ ಸಾಲಾಗಿ ಕೂತರು, ಎಲ್ಲರೂ ಕೈ ಮೇಲೆತ್ತಿಕೊಂಡು. ಬಲೆ ಹೊಲಿಯುತ್ತಿದ್ದ ಮುದುಕರು ಸೂಜಿ ನಿಲ್ಲಿಸಿ ನೋಡಿದರು. ಯಾರೋ ದಾರಿಹೋಕರು ಅದೊಂದು ವ್ರತವೆಂದು ತಿಳಿದು ದೂರದಿಂದ ಕೈ ಮುಗಿದು ಹೋದರು. ನಾವು ಹೊರಟದ್ದು ಹನ್ನೊಂದಕ್ಕೆ.

ವಾಪಸಾಗುವಾಗ ನಾನು ಮುಂದಿನ ಸೀಟು ಬಿಟ್ಟು ಕಾಕುವಿನ ಪಕ್ಕ ಕೂತೆ. ಗಾಡಿಯಲ್ಲಿ ಅವರು ಸೀರೆ ಬದಲಿಸಲಿಲ್ಲ. ಒಣಗಲಿ ಬಿಡು ಎಂದರು. ಘಟ್ಟ ಹತ್ತುವಾಗ ಅಂಚಿನ ಮೇಲೆ ಉಪ್ಪು ಬೆಳ್ಳಗೆ ಮೂಡಿತ್ತು. ಅದನ್ನೇ ಬೆರಳಿನಿಂದ ಸವರುತ್ತ ಕೇಳಿದರು: "ಬೇಟಾ, ನಿನಗ ನೀರು ಮುಟ್ಟಲಿಲ್ಲಲ್ಲ?"

"ನಾ ನಿಮ್ಮ ಜೊತಿಗೆ ಬಂದಾಕಿ ಕಾಕು," ಎಂದೆ. ನಿಜವೂ ಅದೇ. ಚೀಲ ಎತ್ತಿಡುವ, ನರ್ಸಿಂಗ್‌ನನ್ನು ಸಮಾಧಾನ ಮಾಡುವ ಗಡಿಬಿಡಿಯಲ್ಲಿ ನಾನು ಒಣ ಮರಳಿನ ಮೇಲೆಯೇ ಉಳಿದಿದ್ದೆ.

"ಜೊತಿಗೆ ಬಂದವರ ಆಸೆ ಏನು ಮನಿಯೊಳಗ ಬಿಟ್ಟು ಬಂದಿರತಾರೇನು?" ಎಂದರು ಕಾಕು. ಸ್ವಲ್ಪ ಹೊತ್ತಿಗೆ ಅವರು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು.

ಮನೆಯಲ್ಲಿ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಸ್ನಾನ ಆತೇನು?"

"ಆತ್ರಿ," ಎಂದರು ಕಾಕು. ಅಮಾವಾಸ್ಯೆಯ ದಿನ ಅಂಗಡಿಯ ಪೂಜೆಗೆ ಸರಿಯಾದ ಸಮಯಕ್ಕೆ ಆರತಿ ತಟ್ಟೆ ಹಿಡಿದು ನಿಂತಿದ್ದರು.

ಯಾತ್ರೆಗೆ ಹೊರಟವರನ್ನು ನೋಡಿದಾಗ ನಾನು ಈಗ ಖಾನೆಗಳನ್ನು ತೆರೆಯುವುದಿಲ್ಲ. ದೇವರ ಹೆಸರಿನಲ್ಲಿ ಜನ ಊರು ನೋಡಲು ಹೋಗುತ್ತಾರೆ ಎಂದು ಆಫೀಸಿನಲ್ಲಿ ಯಾರಾದರೂ ನಕ್ಕರೆ ನಾನೂ ನಗುತ್ತೇನೆ, ಆದರೆ ಬೇರೆ ಕಾರಣಕ್ಕೆ. ಆ ದಂಡೆಯಲ್ಲಿ ಕಾಕುವಿನ ಆಸೆ ಯಾವುದು, ಭಕ್ತಿ ಯಾವುದು ಎಂದು ಬೇರ್ಪಡಿಸುವುದು ನನ್ನಿಂದಾಗಲಿಲ್ಲ. ಭಕ್ತಿಯಿಲ್ಲದಿದ್ದರೆ ಅವರು ಕೈ ಎತ್ತುತ್ತಿರಲಿಲ್ಲ. ಆಸೆಯಿಲ್ಲದಿದ್ದರೆ ಎದ್ದು ಓಡುತ್ತಿದ್ದರು.

ಮೊನ್ನೆ ಭಾನುವಾರ ಕಾಕು ಫೋನ್ ಮಾಡಿದರು. ಕ್ಷೇಮಸಮಾಚಾರ ಆದ ಮೇಲೆ ದನಿ ತಗ್ಗಿತು. "ಬೇಟಾ, ಬದರಿನಾಥದಾಗ ಬರ್ಫ ಬೀಳತೈತಂತ, ಖರೇನ?"

"ಖರೇ ಕಾಕು. ಗುಡ್ಡದ ಮ್ಯಾಲ ಹಿಮ ಯಾವಾಗಲೂ ಇರತೈತಿ."

"ಬರ್ಫ ಮುಟ್ಟಾಕ ತಿಥಿ-ಗಿಥಿ ಏನರ ಐತೇನು, ಮೊದಲಾ ಕೇಳಿ ಇಡು."

ಇಂದಿರಾಬಾಯಿಯವರಿಗೆ ಫೋನ್ ಮಾಡಿ ಕೇಳಿದೆ. ಅವರು ಎರಡು ದಿನ ಸಮಯ ತೆಗೆದುಕೊಂಡು, ಯಾರಯಾರನ್ನೋ ವಿಚಾರಿಸಿ, ಅಂಥದ್ದೇನೂ ಕಾಣುವುದಿಲ್ಲ ಎಂದು ತಿಳಿಸಿದರು. ಅವರೂ ಬರುತ್ತಾರಂತೆ, ಉಣ್ಣೆಯ ಸಾಕ್ಸು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ನಿನ್ನೆ ಆಫೀಸಿನಲ್ಲಿ ಹತ್ತು ದಿನದ ರಜೆಗೆ ಅರ್ಜಿ ಹಾಕಿದೆ. ಕಾರಣದ ಜಾಗದಲ್ಲಿ 'ತೀರ್ಥಯಾತ್ರೆ' ಎಂದು ಬರೆದಿದ್ದನ್ನು ಓದಿ ನನ್ನ ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಮೀರು ಕೂಡಾನಾ?" ಎಂದರು. ನೀವೂನಾ?

"ಅವುನು, ನೇನು ಕೂಡಾ," ಎಂದೆ. ಹೌದು, ನಾನೂ. ಮೊದಲಾಗಿದ್ದರೆ ಕಾಕುವಿನ ಜೊತೆಗೆ ಹೋಗುತ್ತಿದ್ದೇನೆ ಎಂದು ಸೇರಿಸುತ್ತಿದ್ದೆ. ಸೇರಿಸಲಿಲ್ಲ.